ಕಂಡಿ ಮುಚ್ಚಿದ ಗೋಡೆ

ನೆರೆ ಇಳಿಯತೊಡಗಿದ ಮೂರನೆಯ ದಿನ ಬೆಳಿಗ್ಗೆ ಕಲ್ಲುಕೆಲಸದ ಅಕ್ಕ ನದಿಯ ದಂಡೆಗೆ ಬಂದವಳೇ ನಿಂತುಬಿಟ್ಟಳು. ಮೇಲಿನ ರಸ್ತೆಯನ್ನು ಹೊತ್ತ ಹಳೆಯ ಕಲ್ಲುಗೋಡೆ, ಮೆಟ್ಟಿಲುಗಳ ಎಡಕ್ಕೆ, ಒಂದು ಗೇಣು ಉಬ್ಬಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪನ ಜೊತೆ ಹದಿನೆಂಟು ವರ್ಷ, ಅಪ್ಪ ಹೋದ ಮೇಲೆ ಒಬ್ಬಳೇ ಹನ್ನೆರಡು ವರ್ಷ, ಸಡಿಲವಾದ ಕಲ್ಲು ಬಿಗಿದು ಸುಣ್ಣದ ಗಾರೆ ತುಂಬಿ ಆ ಗೋಡೆಯನ್ನು ಕಾಪಾಡಿದ್ದಳು. ಅದರ ಬುಡದಲ್ಲಿ ಮಾರಿಗೊಂದರಂತೆ ಅಂಗೈಯಗಲದ ಕಂಡಿಗಳಿದ್ದವು. ಹಿಂದಿನ ಮಣ್ಣು ಕುಡಿದ ನೀರು ಹೊರಬೀಳುವುದು ಅಲ್ಲಿಂದಲೇ. ಹೋದ ಬೇಸಿಗೆಯಲ್ಲಿ ಪುರಸಭೆಯ ಇಂಜಿನಿಯರು ಗೋಡೆ ಚೆಂದ ಕಾಣಲಿ ಎಂದು ಉದ್ದಕ್ಕೂ ಸಿಮೆಂಟು ಮೆತ್ತಿಸಿದ. ಮೆತ್ತಿದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ.

"ಕಂಡಿ ಮುಚ್ಚಬೇಡ ಕಣೋ, ನೀರು ಎಲ್ಲಿಗೆ ಹೋಗ್ಬೇಕು?" ಎಂದು ಅವಳು ಆಗಲೇ ಬಡಕೊಂಡಿದ್ದಳು.

"ನಕ್ಷೆಯಲ್ಲಿ ಕಂಡಿ ಇಲ್ಲಕ್ಕ. ಅವ್ರು ಓದಿದೋರು, ನೀನು ಸುಮ್ನಿರು," ಎಂದು ಅವನು ಮುಖ ತಿರುಗಿಸಿದ್ದ.

ಈಗ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು, ದೋಣಿಗೆ ಕಾದವರು, ಹತ್ತಾರು ಮಂದಿ ಇದ್ದರು.

"ಏಳ್ರೇ, ಮೇಲೆ ಹತ್ತಿ. ಗೋಡೆ ಬೀಳುತ್ತೆ."

"ನಿನ್ನ ತಮ್ಮ ಮಾಡಿದ ಕೆಲಸ ತಾನೆ? ವರ್ಷನಾದ್ರೂ ಬಾಳಲ್ವಾ?" ಎಂದು ಒಬ್ಬ ಅಗಸಗಿತ್ತಿ ನಕ್ಕಳು.

ಅಕ್ಕ ಆ ಅಗಸಗಿತ್ತಿಯ ಒದ್ದೆ ಬಟ್ಟೆಗಂಟನ್ನು ಎತ್ತಿಕೊಂಡು ಹೋಗಿ ರಸ್ತೆಗೆ ಎಸೆದಳು. ಅಗಸಗಿತ್ತಿ ಬಾಯಿಗೆ ಬಂದಂತೆ ಬೈಯುತ್ತ ಹಿಂದೆ ಓಡಿದಳು. ಜಗಳ ನೋಡಲು ಉಳಿದವರೂ ಹತ್ತಿದರು.

ಉಬ್ಬಿದ ಕಡೆ ಕಾಲಿಡುವ ಹಾಗಿರಲಿಲ್ಲ. ಮೆಟ್ಟಿಲ ಬಲಕ್ಕೆ, ಇಪ್ಪತ್ತು ಮಾರು ದೂರದಲ್ಲಿ, ಅಲ್ಲಿಯ ಗೋಡೆಯಾದರೂ ಉಳಿಯಲಿ ಎಂದು ಅವಳು ಉಳಿ ಸುತ್ತಿಗೆ ಹಿಡಿದು ಸಿಮೆಂಟು ಒಡೆಯತೊಡಗಿದಳು. ಒಂದೊಂದು ಏಟಿಗೂ ತಮ್ಮನನ್ನು ಬೈದಳು. ಐದನೆಯ ಕಂಡಿ ತೆರೆಯುತ್ತಲೇ ಕೆಸರುನೀರು ಮುಖಕ್ಕೆ ರಾಚಿತು. ಅಷ್ಟರಲ್ಲಿ ತಮ್ಮನೂ ಇಂಜಿನಿಯರನೂ ಓಡಿಬಂದರು. ಅವಳನ್ನು ತಡೆಯಲು ಬಾಯಿ ತೆರೆಯುವ ಮೊದಲೇ ಎಡಗಡೆಯ ಗೋಡೆ ಧಡಲ್ಲನೆ ಕುಸಿದು, ಅರ್ಧ ಮೆಟ್ಟಿಲುಗಳನ್ನೂ ಎಳೆದುಕೊಂಡು ನದಿಗೆ ಬಿತ್ತು. ಅದರಡಿ ಯಾರೂ ಇರಲಿಲ್ಲ.

ಇಂಜಿನಿಯರು ಮೇಲೆ ನಿಂತಿದ್ದ ಜನರತ್ತ ತಿರುಗಿದ. "ಎಲ್ರೂ ನೋಡಿದ್ರಲ್ಲ, ಇವಳು ಕುಟ್ಟಿದ್ದಕ್ಕೇ ಬಿತ್ತು."

ಅದನ್ನೇ ಬರೆದು ವರದಿ ಮಾಡಿದ. ಸಾಕ್ಷಿಯೆಂದು ರುಜು ಹಾಕಿದವನು ತಮ್ಮ.

ವಾರದ ನಂತರ ಪುರಸಭೆಯಲ್ಲಿ ವಿಚಾರಣೆ. ಬೈದುಕೊಂಡು ಓಡಿದ್ದ ಅಗಸಗಿತ್ತಿ ಕರೆಯದಿದ್ದರೂ ಬಂದು, "ಬೀಳಿಸೋ ಮನಸ್ಸಿದ್ದೋಳು ನಮ್ಮನ್ನ ಯಾಕೆ ಅಟ್ಟುತ್ತಿದ್ಲು?" ಎಂದು ಅಧ್ಯಕ್ಷೆಯನ್ನೇ ಕೇಳಿದಳು.

ಅಕ್ಕ ತಮ್ಮನ ಎದುರಿಗೆ ಹೋಗಿ ನಿಂತಳು. "ನೀನಿದ್ದೆ ಅಲ್ಲಿ. ನಾನು ಕುಟ್ತಿದ್ದಿದ್ದು ಯಾವ ಕಡೆ? ಕೈಯೆತ್ತು."

ಅವನು ಬಲಗೈ ಎತ್ತಿದ.

"ಬಿದ್ದಿದ್ದು?"

ಎಡಗೈ ಎತ್ತಿದ.

"ಮತ್ತೆ ರುಜು?"

"ಕೆಲಸದಿಂದ ತೆಗೀತೀನಿ ಅಂದ್ರು ಅಕ್ಕ."

"ಹತ್ತು ಜನ ಸತ್ತಿದ್ರೂ ಹಾಕ್ತಿದ್ದೆ ಅಲ್ವಾ?"

ವರದಿ ರದ್ದಾಯಿತು. ಇಂಜಿನಿಯರನನ್ನು ಇನ್ನೊಂದು ಊರಿಗೆ ವರ್ಗ ಮಾಡಿದರು. ಅಲ್ಲೂ ನದಿಯಿದೆ ಎಂದು ತಿಳಿದಾಗ ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ತಳ್ಳಿ ಎದ್ದುಹೋದಳು. ಅವಳು ಕಂಡಿ ತೆರೆದಿದ್ದ ಬಲಗಡೆಯ ಗೋಡೆ ಮಾತ್ರ ಅಲುಗಲಿಲ್ಲ. ಬಿದ್ದದ್ದನ್ನು ಕಟ್ಟುವ ಕೆಲಸ ಅವಳಿಗೇ ಬಂತು.

ಕೆಲಸ ಶುರುವಾದ ದಿನ ತಮ್ಮ ಗಾರೆ ಮೆತ್ತುವ ಕರಣೆ ಹಿಡಿದು ಬಂದು ಒಂದು ಕಡೆ ನಿಂತ. ಅವಳು ನೂಲು ಹಿಡಿದು ಕಲ್ಲಿನ ಸಾಲು ನೋಡುತ್ತಿದ್ದಳು. ಅವನತ್ತ ತಿರುಗದೆಯೇ ಹೇಳಿದಳು: "ನೀನು ಕಲ್ಲು ಮುಟ್ಟಬೇಡ. ನೀನು ಮೆತ್ತಿದ್ದು ಇನ್ನೂ ಇನ್ನೂರು ಮಾರು ಇದೆ. ಆ ತುದಿಯಿಂದ ಕೆತ್ತುತ್ತಾ ಬಾ. ನನ್ನ ಹತ್ರ ಮಾತಾಡಬೇಡ."

ಅವನು ಹೋಗಿ ಕೆತ್ತತೊಡಗಿದ. ಮಧ್ಯಾಹ್ನ ಬಿಸಿಲಲ್ಲಿ ಅಕ್ಕ ಕೆಲಸದವರಿಗೆಲ್ಲ ನೀರು ಕೊಟ್ಟಳು, ಅವನಿಗೊಬ್ಬನಿಗೆ ಕೊಡಲಿಲ್ಲ.