ಇಲ್ಲದ ಮೌನವ್ರತ

ಗುರುಶಾಂತಮ್ಮನಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. ಅಭ್ಯಾಸ ಇದ್ದವರು ಚಿಕ್ಕದೊಂದನ್ನು ಹೇಳಿ ಪಾರಾಗುತ್ತಾರೆ. ಇಲ್ಲದವರು ಹೇಳಲು ಹೋದರೆ ಕೈಮೀರಿ ದೊಡ್ಡದನ್ನೇ ಹೇಳಿಬಿಡುತ್ತಾರೆ. ಅವರ ಬಾಯಿಂದ ಆ ಸುಳ್ಳು ಹೊರಟದ್ದು ಅರವತ್ಮೂರನೇ ಇಸವಿಯ ಶ್ರಾವಣದಲ್ಲಿ, ದಾವಣಗೆರೆಯ ಕೆ.ಬಿ. ಬಡಾವಣೆಯ ತಮ್ಮದೇ ಮನೆಯ ಕಟ್ಟೆಯ ಮೇಲೆ, ಪಕ್ಕದ ಮನೆಯ ಮರುಳಸಿದ್ದಮ್ಮನ ಎದುರಿಗೆ.

ಮರುಳಸಿದ್ದಮ್ಮ ಕೇಳಿದ್ದು ಇಷ್ಟೇ. ನಿಮ್ಮ ಸೊಸೆ ಹದಿನೈದು ದಿನದಿಂದ ಹೊರಗೆ ಕಂಡಿಲ್ಲ, ಹಿತ್ತಲಲ್ಲಿ ಕಂಡಾಗ ಕೂಗಿದರೂ ಓಗೊಡಲಿಲ್ಲ, ಮೈ ಸೊರಗಿದೆ, ಏನು ಸಮಾಚಾರ ಎಂದು.

ಸೊಸೆ ನಿರ್ಮಲಮ್ಮನಿಗೆ ಏನಾಗಿದೆ ಎಂದು ಗುರುಶಾಂತಮ್ಮನಿಗೇ ತಿಳಿದಿರಲಿಲ್ಲ. ಮಲೆಬೆನ್ನೂರಿನ ಹುಡುಗಿ, ಮಾತಿಗಿಂತ ಮುಂಚೆ ನಗುವವಳು. ಯುಗಾದಿಯ ಹೊತ್ತಿಗೆ ಹುಟ್ಟಿದ ಕೂಸು ಒಂಬತ್ತು ದಿನ ಇದ್ದು ಹೋಗಿತ್ತು. ಆಗ ಅವಳು ಅತ್ತಳು, ಮನೆಮಂದಿಯೆಲ್ಲ ಅತ್ತರು. ಅಳು ನಿಂತು ಎಲ್ಲ ಸರಿಹೋಯಿತು ಅನ್ನುವಾಗ ಬೇರೆಯೇ ಒಂದು ಶುರುವಾಯಿತು. ಕೋಳಿ ಕೂಗುವ ಮುಂಚೆಯೇ ಎಚ್ಚರಾಗಿ ಗೋಡೆ ನೋಡುತ್ತ ಕೂರುವಳು. ಹೊತ್ತೇರಿದರೂ ಏಳಲಾರಳು. ಕರೆದರೆ ಕೇಳಿಸಿದಂತೆ ತಿರುಗುವಳು, ಉತ್ತರ ಮಾತ್ರ ಬರದು. ಏಳಲಿಲ್ಲವಾದ್ದರಿಂದ ಸ್ನಾನವಿಲ್ಲ, ಸ್ನಾನವಿಲ್ಲವಾದ್ದರಿಂದ ಲಿಂಗಪೂಜೆಯಿಲ್ಲ, ಪೂಜೆಯಿಲ್ಲವಾದ್ದರಿಂದ ಊಟವಿಲ್ಲ. ಪೂಜೆಯಾಗದೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಆ ಕಟ್ಟುನಿಟ್ಟು ಗುರುಶಾಂತಮ್ಮನದೇ. ಎಷ್ಟೋ ದಿನ ಇಳಿಹೊತ್ತಿಗೆ ಹೇಗೋ ಎದ್ದು ನಾಲ್ಕು ಚೊಂಬು ನೀರು ಸುರಿದುಕೊಂಡು, ಪೂಜೆಯ ಶಾಸ್ತ್ರ ಮುಗಿಸಿ, ಎರಡು ತುತ್ತು ನುಂಗಿ ಮತ್ತೆ ಮಲಗುವಳು. ಎಷ್ಟೋ ದಿನ ಅದೂ ಇಲ್ಲ.

ಇದನ್ನು ಮರುಳಸಿದ್ದಮ್ಮನಿಗೆ ಹೇಗೆ ಹೇಳುವುದು? ಮಗಳು ಅನ್ನಪೂರ್ಣೆಗೆ ರಾಣೆಬೆನ್ನೂರಿನ ಕಡೆಯಿಂದ ಸಂಬಂಧ ಬಂದಿತ್ತು. ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ ಅಂತ ಒಂದು ಮಾತು ಎದ್ದರೆ ಸಾಕು, ಆ ಕಡೆಯವರು ಇತ್ತ ತಿರುಗಿ ನೋಡುತ್ತಿರಲಿಲ್ಲ. ಗುರುಶಾಂತಮ್ಮ ಸೆರಗು ಸರಿಮಾಡಿಕೊಂಡರು.

"ಸೊಸಿ ಮೌನವ್ರತ ಹಿಡಿದಾಳೆ. ಶ್ರಾವಣ ಮುಗಿಯೋ ತನಕ ಮಾತಾಡಲ್ಲ, ಒಪ್ಪತ್ತು ಅಷ್ಟೇ" ಎಂದುಬಿಟ್ಟರು.

ಮರುಳಸಿದ್ದಮ್ಮ ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಹೋದಳು.

ಮುಂದಿನ ಸೋಮವಾರ ನಾಲ್ಕು ಜನ ಹೆಂಗಸರು ಹಣ್ಣು ಕಾಯಿ ಹಿಡಿದು ಬಂದರು, ಅದರ ಮುಂದಿನ ಸೋಮವಾರ ಹನ್ನೊಂದು ಜನ. ನಿರ್ಮಲಮ್ಮ ಗೋಡೆಗೊರಗಿ ಕೂತಿದ್ದಳು. ಅವರು ಸರದಿಯಲ್ಲಿ ಅವಳ ಕಾಲು ಮುಟ್ಟಿದರು. ಎಂಥ ನಿಗ್ರಹ ನೋಡ್ರಿ, ಕಣ್ಣು ಸಹ ಮಿಟುಕಿಸಲ್ಲ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡರು. ಮಗ ಶಿವಮೂರ್ತಪ್ಪ ಹತ್ತಿ ವ್ಯಾಪಾರಿ. ಹೆಂಡತಿಯ ಸ್ಥಿತಿ ನೋಡಿ ಒಳಗೇ ಕುದಿಯುತ್ತಿದ್ದವನಿಗೂ ಪೇಟೆಯಲ್ಲಿ ನಾಲ್ಕು ಮಂದಿ ನಿಮ್ಮ ಮನೆಯವರು ಬಹಳ ದೊಡ್ಡವರು ಬಿಡ್ರಿ ಅಂದಾಗ, ಅಲ್ಲ ಅನ್ನಲು ಬಾಯಿ ಬರಲಿಲ್ಲ. ಸಂಜೆ ಬಂದು ತಾಯಿಗೆ, ಅವ್ವಾ, ಡಾಕ್ಟರಿಗೆ ತೋರಿಸೋಣ ಅಂದ.

ದಾವಣಗೆರೆಯ ಡಾಕ್ಟರರೆಲ್ಲ ಗುರುತಿನವರು, ಒಬ್ಬರಿಗೆ ಹೇಳಿದರೆ ಊರಿಗೇ ಹೇಳಿದಂತೆ. ಹಾಗಾಗಿ ಗುರುಶಾಂತಮ್ಮ ಸೊಸೆಯನ್ನು ಬಸ್ಸು ಹತ್ತಿಸಿಕೊಂಡು ಹರಿಹರಕ್ಕೆ ಹೋದರು. ಅಲ್ಲಿ ಉಚ್ಚೆಂಗಪ್ಪ ಎಂಬ ಡಾಕ್ಟರರಿದ್ದರು, ಹೊಳೆಯ ಕಡೆ ಇಳಿಯುವ ಬೀದಿಯಲ್ಲಿ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದವರು. ಸರಿಯಾದ ಜಾಗಕ್ಕೇ ಹೋದರು, ಹೇಳಿದ್ದು ಮಾತ್ರ ಅದೇ ಸುಳ್ಳನ್ನು. ಕಾಂಪೌಂಡರ್ ನಿಂತಿದ್ದ, ಬೆಂಚಿನ ಮೇಲೆ ಜನ ಕೂತಿದ್ದರು. ವ್ರತದಾಗ ನಿತ್ರಾಣ ಆಗಿದಾಳೆ ಎಂದರು. ಡಾಕ್ಟರರು ನಾಡಿ ನೋಡಿದರು, ಕಣ್ಣ ರೆಪ್ಪೆ ಎತ್ತಿ ನೋಡಿದರು. ಹಣೆಯ ತುಂಬ ವಿಭೂತಿ ಹಚ್ಚುವ ಆಸಾಮಿ ಅವರೂ. ವ್ರತಕ್ಕೆ ಕೈಮುಗಿದು, ಟಾನಿಕ್ ಬರೆದುಕೊಟ್ಟು, ಹಾಲು ಹಣ್ಣು ತಪ್ಪಿಸಬ್ಯಾಡ್ರಿ ಎಂದು ಕಳಿಸಿದರು. ಟಾನಿಕ್ ಬಾಟಲಿ ಗೂಡಿನಲ್ಲಿ ಕೂತಿತು.

ಶ್ರಾವಣದ ಕೊನೆಯ ಸೋಮವಾರ. ಗುರುಶಾಂತಮ್ಮ ಬೆಳಗಿನ ಸ್ನಾನ ಮುಗಿಸಿ ಪೂಜೆಗೆಂದು ದೇವರ ಕೋಣೆಗೆ ಹೋದರೆ ಗೋಡೆಯ ಮೊಳೆಗೆ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಅದು ನಿರ್ಮಲಮ್ಮನದು, ಲಿಂಗ ಒಳಗೇ ಇತ್ತು, ಕೊರಳಿಗೆ ಕಟ್ಟುವ ಶಿವದಾರವನ್ನು ಅಚ್ಚುಕಟ್ಟಾಗಿ ಮೊಳೆಗೆ ಸುತ್ತಲಾಗಿತ್ತು. ಗುರುಶಾಂತಮ್ಮನಿಗೆ ಅರವತ್ತರ ಹತ್ತಿರದ ವಯಸ್ಸು. ಹೆರಿಗೆಯಲ್ಲಿ, ಜ್ವರದಲ್ಲಿ, ಗಂಡ ಸತ್ತ ದಿನ ಸಹ ಕೊರಳಿನಿಂದ ಲಿಂಗ ತೆಗೆದವರಲ್ಲ. ಬದುಕಿರುವವರು ಯಾರೂ ಅದನ್ನು ತೆಗೆದು ಮೊಳೆಗೆ ಹಾಕುವುದಿಲ್ಲ. ಗುರುಶಾಂತಮ್ಮನಿಗೆ ಬಾವಿ ನೆನಪಾಯಿತು. ಹಿತ್ತಲಿಗೆ ಓಡಿದರು.

ನಿರ್ಮಲಮ್ಮ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಗುರುಶಾಂತಮ್ಮ ಕೂಗಲಿಲ್ಲ, ಬೈಯಲಿಲ್ಲ. ಹತ್ತಿರ ಹೋಗಿ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದು, ಲಿಂಗ ಯಾಕೆ ತೆಗೆದೆ ಎಂದು ಮೆಲ್ಲಗೆ ಕೇಳಿದರು. ತಿಂಗಳಾದ ಮೇಲೆ ಮೊದಲ ಬಾರಿ ಸೊಸೆ ಬಾಯಿ ಬಿಟ್ಟಳು.

"ಅದನ್ನ ಕಟ್ಕೊಂಡು ಇಂಥ ಕೆಲಸ ಮಾಡಬಾರದು ಅಂತ ಬಿಚ್ಚಿಟ್ಟೆ, ಅತ್ತೆ."

ಹಿಡಿದ ಮಣಿಕಟ್ಟನ್ನು ಗುರುಶಾಂತಮ್ಮ ಮತ್ತೆ ಬಿಡಲಿಲ್ಲ. ಅನ್ನಪೂರ್ಣೆ ಕರಡಿಗೆ ತಂದು ಅತ್ತಿಗೆಯ ಕೊರಳಿಗೆ ಹಾಕಿದಳು. ಶಿವಮೂರ್ತಪ್ಪ ಮುಂದಾಗಿ ಬಸ್ ನಿಲ್ದಾಣಕ್ಕೆ ಓಡಿದ. ಅತ್ತೆ ಸೊಸೆ ಹೊರಬಾಗಿಲಿಗೆ ಬರುವಷ್ಟರಲ್ಲಿ ಹಣ್ಣುಕಾಯಿ ಹಿಡಿದ ಹೆಂಗಸರು ಅಂಗಳದ ತುಂಬ ನಿಂತಿದ್ದರು. ವ್ರತ ಮುಗಿಯುವ ದಿನವೆಂದು ಆ ಸಲ ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ. ಎಲ್ಲರ ಮುಂದೆ ಮರುಳಸಿದ್ದಮ್ಮ, ಕೈಯಲ್ಲಿ ಮಲ್ಲಿಗೆ ಹಾರ.

ಹಿತ್ತಲ ಬಾಗಿಲಿಂದ ಹೋಗಬಹುದಿತ್ತು. ದೇವಸ್ಥಾನಕ್ಕೆ ಹೊರಟಿದ್ದೇವೆ ಎಂದು ಇನ್ನೊಂದು ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು. ರಾಣೆಬೆನ್ನೂರಿನವರ ಮುಖ ಕಣ್ಣ ಮುಂದೆ ಬಂತು. ಆದರೆ ಕೈಯಲ್ಲಿದ್ದ ಮಣಿಕಟ್ಟು ಅನ್ನ ಕಾಣದ ಕೂಸಿನದರ ಹಾಗೆ ಸಣ್ಣಗಾಗಿತ್ತು.

"ಇದು ವ್ರತ ಅಲ್ಲರಿ. ಕಾಯಿಲೆ. ನಾನೇ ನಿಮಗೆ ಸುಳ್ಳು ಹೇಳಿದ್ದೆ. ಡಾಕ್ಟರತ್ರ ಹೋಗ್ಬೇಕು, ದಾರಿ ಬಿಡ್ರಿ" ಎಂದರು.

ದಾರಿ ಬಿಟ್ಟರು. ಮರುಳಸಿದ್ದಮ್ಮ ಹಾರ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

ಹರಿಹರದಲ್ಲಿ ಈ ಸಲ ಬೆಂಚಿನ ಮೇಲೆ ಯಾರಿದ್ದಾರೆ ಎಂದು ಗುರುಶಾಂತಮ್ಮ ನೋಡಲೂ ಇಲ್ಲ. ಮೊಳೆಗೆ ತೂಗಿದ ಕರಡಿಗೆಯಿಂದ ಹಿಡಿದು ಹಿಂದಕ್ಕೆ ಎಲ್ಲವನ್ನೂ ಹೇಳಿದರು. ಉಚ್ಚೆಂಗಪ್ಪನವರು ಪೆನ್ನು ಕೆಳಗಿಟ್ಟು ಕೇಳಿದರು. ನಿದ್ದೆ ಎಷ್ಟು ಹೊತ್ತಿಗೆ ಒಡೆಯುತ್ತದೆ, ಬೆಳಗಿಗೆ ಹೆಚ್ಚೋ ಸಂಜೆಗೆ ಹೆಚ್ಚೋ, ಹಿಂದೆ ಯಾವಾಗಲಾದರೂ ಹೀಗಾಗಿತ್ತೇ, ತವರಿನಲ್ಲಿ ಯಾರಿಗಾದರೂ ಇತ್ತೇ? ಕೊನೆಯ ಪ್ರಶ್ನೆಗೆ ನಿರ್ಮಲಮ್ಮನೇ ಉತ್ತರ ಕೊಟ್ಟಳು. ಸಾರಥಿ ಎಂಬ ಹಳ್ಳಿಯಲ್ಲಿದ್ದ ಅವಳ ಸೋದರಮಾವ ಒಂದು ವರ್ಷ ಕೋಣೆ ಬಿಟ್ಟು ಹೊರಬಂದಿರಲಿಲ್ಲ. ಆಮೇಲೆ ತಾನಾಗಿ ಎದ್ದು ಮೂರು ತಿಂಗಳು ನಿದ್ದೆಯಿಲ್ಲದೆ ಊರೆಲ್ಲ ಹಾಡಿಕೊಂಡು ತಿರುಗಿದ್ದ. ಅವನಿಗೆ ಗಾಳಿ ಮೆಟ್ಟಿದೆ ಎಂದು ತಾಯತ ಕಟ್ಟಿಸಿದ್ದರು.

ಡಾಕ್ಟರರು ಬಿಡಿಸಿ ಹೇಳಿದರು. ಇದು ಸೋಮಾರಿತನವಲ್ಲ, ಪಾಪದ ಫಲವಲ್ಲ, ಗಾಳಿಯೂ ಅಲ್ಲ. ಸ್ವಲ್ಪ ರಕ್ತದಲ್ಲಿ ಬರುತ್ತದೆ, ಸ್ವಲ್ಪ ಹೆರಿಗೆ, ಸಾವುಗಳಂಥ ಪೆಟ್ಟಿನಿಂದ ಏಳುತ್ತದೆ, ಸರಿಯಾಗಿ ಇಂಥದ್ದೇ ಕಾರಣ ಅಂತ ದೊಡ್ಡ ಡಾಕ್ಟರರೂ ಹೇಳಲಾರರು. ದುಃಖವಾದರೆ ಅತ್ತು ಹಗುರಾಗುತ್ತಾರೆ, ಈ ಕಾಯಿಲೆಯಲ್ಲಿ ಅಳುವುದಕ್ಕೂ ತ್ರಾಣ ಇರುವುದಿಲ್ಲ. ಹೊಸದಾಗಿ ಗುಳಿಗೆ ಬಂದಿವೆ, ಕೆಲಸ ಮಾಡಲು ಎರಡು ಮೂರು ವಾರ ಬೇಕು. ಮೊದಲು ಕೈಕಾಲಿಗೆ ಬಲ ಬರುತ್ತದೆ, ಮನಸ್ಸು ತಿಳಿಯಾಗುವುದು ಆಮೇಲೆ. ಆ ನಡುವಿನ ದಿನಗಳೇ ಅಪಾಯದವು, ಒಂದು ಗಳಿಗೆಯೂ ಒಬ್ಬಳನ್ನೇ ಬಿಡಕೂಡದು. ಗುಳಿಗೆಗೆ ಬಗ್ಗದಿದ್ದರೆ ಬೆಂಗಳೂರಿನಲ್ಲಿ ಕರೆಂಟಿನ ಚಿಕಿತ್ಸೆ ಇದೆ, ಅದಕ್ಕೂ ಹೆದರಬೇಕಿಲ್ಲ. ಗುಣವಾದ ಮೇಲೂ ಕಣ್ಣಿಟ್ಟಿರಬೇಕು. ಸೋದರಮಾವನ ಹಾಗೆ ನಿದ್ದೆ ಬಿಟ್ಟು ಅತಿಯಾದ ಹುರುಪು ಕಂಡರೂ ಕೂಡಲೇ ಕರೆತರಬೇಕು, ಅದು ಇದೇ ಕಾಯಿಲೆಯ ಇನ್ನೊಂದು ಮಗ್ಗಲು.

"ತಪ್ಪು ನಂದೂ ಐತೆ ಯವ್ವಾ. ಹೋದ ಸಲ ಪ್ರಶ್ನೆ ಕೇಳೋದು ಬಿಟ್ಟು ಕೈ ಮುಗಿದುಬಿಟ್ಟೆ" ಎಂದು ಕೊನೆಗೆ ಸೇರಿಸಿದರು.

ಬೆಳಗಿನ ಗುಳಿಗೆಯನ್ನು ಏನಾದರೂ ತಿಂದ ಮೇಲೇ ಕೊಡಬೇಕಿತ್ತು. ಮರುದಿನ ಗುರುಶಾಂತಮ್ಮ ಒಲೆಯ ಮುಂದೆ ಬಹಳ ಹೊತ್ತು ನಿಂತರು. ಸೊಸೆ ಹಾಸಿಗೆಯಲ್ಲೇ ಇದ್ದಳು, ಸ್ನಾನವಿಲ್ಲ, ಪೂಜೆಯಿಲ್ಲ. ನಲವತ್ತು ವರ್ಷ ನಡೆಸಿಕೊಂಡು ಬಂದ ನೇಮ. ಕೊನೆಗೆ ಹಾಲನ್ನ ಕಲಸಿಕೊಂಡು ಹೋಗಿ ಹಾಸಿಗೆಯ ಪಕ್ಕ ಕೂತು, ಪೂಜೆ ಮಧ್ಯಾಹ್ನ ಆದರೂ ಆದೀತು, ಮೊದಲು ಬಾಯಿ ತೆಗಿ ಎಂದರು. ನಿರ್ಮಲಮ್ಮ ನಂಬದವಳಂತೆ ಅತ್ತೆಯ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು.

ರಾಣೆಬೆನ್ನೂರಿನ ಸಂಬಂಧ ಹೋಯಿತು. ಬೀದಿಯ ಹೆಂಗಸರು ಕೆಲವು ದಿನ ಆ ಮನೆಯ ಮುಂದೆ ಬಿರುಸಾಗಿ ಹೆಜ್ಜೆ ಹಾಕಿದರು. ಮೂರು ವಾರ ಅತ್ತೆ ನಾದಿನಿ ಪಾಳಿಯ ಮೇಲೆ ನಿರ್ಮಲಮ್ಮನ ಕಾವಲಿದ್ದರು, ಶಿವಮೂರ್ತಪ್ಪ ಬಾವಿಗೆ ಹಲಗೆ ಹೊಡೆಸಿ ಬೀಗ ಹಾಕಿಸಿದ. ನಾಲ್ಕನೇ ವಾರ ಅವಳು ಯಾರೂ ಹೇಳದೆಯೇ ತಲೆ ಬಾಚಿಕೊಂಡಳು. ಐದನೇ ವಾರ ಒಂದು ಬೆಳಗ್ಗೆ ತಾನೇ ಎದ್ದು ನೀರು ಕಾಯಿಸಿ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಕೂತಳು. ಬಾಗಿಲ ಸಂದಿಯಿಂದ ನೋಡಿದ ಗುರುಶಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ಅಂದು ಸಂಜೆ ನಿರ್ಮಲಮ್ಮ ಮಂಡಕ್ಕಿ ಒಗ್ಗರಣೆ ಹಾಕಿ, ಅತ್ತೆಗೂ ಒಂದು ತಟ್ಟೆ ಕೊಟ್ಟು ಎದುರು ಕೂತಳು. ತಿನ್ನುತ್ತ ತಿನ್ನುತ್ತ, ನಿನ್ನೆಯ ಸುದ್ದಿ ಹೇಳುವಂತೆ ಹೇಳಿದಳು.

"ಸೋಮವಾರ ಸೋಮವಾರ ಅಷ್ಟು ಮಂದಿ ಬಂದು ಕಾಲಿಗೆ ಬಿದ್ರು ಅತ್ತೆ. ಒಬ್ರಾದ್ರೂ ಊಟ ಆತಾ ಅಂತ ಕೇಳಲಿಲ್ಲ."

ಬೀದಿಯಲ್ಲಿ ಎದುರು ಸಿಕ್ಕವರೆಲ್ಲ ಒಬ್ಬರನ್ನೊಬ್ಬರು ಕೇಳುವ ಮಾತು ಅದು. ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ. ಗುರುಶಾಂತಮ್ಮನ ಕೈಯಲ್ಲಿದ್ದ ಮಂಡಕ್ಕಿ ಬಾಯಿಗೆ ಹೋಗಲಿಲ್ಲ. ಕೇಳದವರಲ್ಲಿ ತಾವೇ ಮೊದಲಿಗರು ಎಂದು ಅವರಿಗೆ ಗೊತ್ತಿತ್ತು.

ಆಮೇಲೆ ಅವರು ಬದುಕಿದ ಹದಿನೆಂಟು ವರ್ಷವೂ ಸೊಸೆಯನ್ನು ದಿನಾ ಆ ಮಾತು ಕೇಳಿದರು. ಕೇಳಿದ ಮೇಲೆ ಉತ್ತರ ಬರುವ ತನಕ ಅಲ್ಲೇ ನಿಂತಿರುತ್ತಿದ್ದರು.