ನೂಲಿನ ಕೆಂಪು

ಗಂಡನ ಹೆಣಕ್ಕೆ ನೀರು ಹಾಕಲು ಬನಶಂಕರೆವ್ವ ಎತ್ತಿದ ತಂಬಿಗೆಯನ್ನು ಅತ್ತೆ ಚೌಡವ್ವ ಕಸಿದುಕೊಂಡಳು.

"ಮುಟ್ಟಬ್ಯಾಡ. ನಿನ್ನೆ ಅವಗ ಏನು ಉಣ್ಣಾಕ ಹಾಕಿದ್ದಿ, ಮೊದಲ ಹೇಳು."

"ರೊಟ್ಟಿ, ಪುಂಡಿಪಲ್ಯ. ನೀವೂ ಅದನ್ನ ಉಂಡೀರಲ್ಲ, ಅತ್ತಿ."

"ನಾ ರಕ್ತ ಕಾರಿದ್ನೇನು?"

ರಾಜ್ಯ ಒಂದಾದ ಸಂಭ್ರಮಕ್ಕೆ ಬೆಟಗೇರಿಯ ಓಣಿಯಲ್ಲಿ ಕಟ್ಟಿದ್ದ ಮಾವಿನ ತೋರಣ ಒಣಗಿ ಸದ್ದು ಮಾಡುತ್ತಿತ್ತು. ನಿನ್ನೆ ಸಂಜೆ ಮಗ್ಗದಿಂದ ಎದ್ದ ಗೋವಿಂದಪ್ಪ ಬಚ್ಚಲು ಮುಟ್ಟುವ ಮೊದಲೇ ರಕ್ತ ಕಾರಿಕೊಂಡು ಬಿದ್ದಿದ್ದ.

"ಡಾಕ್ಟರ್ ಹೇಳ್ಯಾರಲ್ಲ, ಚಿಗವ್ವ," ಎಂದ ನೆರೆಮನೆಯ ಕಳಕಪ್ಪ. "ಹೊಟ್ಯಾಗ ದೊಡ್ಡ ನರ ಒಡದೈತಂತ. ಲಕ್ಷಕ್ಕ ಒಬ್ಬರಿಗೆ ಹಂಗ ಆಗತೈತಂತ. ಮೊದಲ ಒಂಚೂರು ರಕ್ತ ಬಿದ್ದಿರಬೇಕು, ಯಾರೂ ನೋಡಲಿಲ್ಲೇನು ಅಂತ ಕೇಳಿದ್ರು."

"ಆ ಡಾಕ್ಟರಗ ಹರಿದ ನೂಲಿಗೆ ಗಂಟ ಹಾಕಾಕ ಬರತೈತೇನು? ಫೌಜದಾರ ಬರೂತನಕ ಹೆಣ ಎತ್ತಂಗಿಲ್ಲ!"

ಬನಶಂಕರೆವ್ವನ ಕಿವಿಯಲ್ಲಿ ಡಾಕ್ಟರರ ಪ್ರಶ್ನೆ ಮಾತ್ರ ಉಳಿಯಿತು.

*

ಹಿಂದಿನ ವಾರ ಗೋವಿಂದಪ್ಪ ಲಾಳಿಯ ಕಣ್ಣಿಗೆ ಬಾಯಿಟ್ಟು, ಕೆಂಪು ನೂಲನ್ನು ಉಸಿರಿನಿಂದ ಹೊರಗೆಳೆಯುತ್ತಿದ್ದ. ಹಾಗೆ ಎಳೆಯುವವರ ತುಟಿಗೆ ಬಣ್ಣ ಹತ್ತುವುದು ಹೊಸದಲ್ಲ. ಅಂದು ಅದು ಗದ್ದದವರೆಗೂ ಇಳಿದಿತ್ತು.

"ಏನ್ರೀ, ನೂಲು ತಿಂತೀರೇನು?"

"ಬಣ್ಣ ಕಚ್ಚಾ ಐತಿ," ಎಂದು ಅವನು ಮಗ್ಗದ ಮೇಲೆ ಬಾಗಿ ಕೆಮ್ಮಿದ.

ನಗುತ್ತ ಅವನ ಗದ್ದ ಒರೆಸಿ, ಅವಳೂ ಇನ್ನೊಂದು ಲಾಳಿಯನ್ನು ತುಟಿಗಿಟ್ಟಳು.

*

ನೇಯುತ್ತಿದ್ದವನು ಸತ್ತರೆ ನೇಯ್ದಷ್ಟನ್ನು ಕತ್ತರಿಸಿ ಹೊದಿಸುವುದು ಆ ಮನೆಯ ಪದ್ಧತಿ. ಕಳಕಪ್ಪ ಕತ್ತರಿಸಿ ತಂದ ಸುರುಳಿಯನ್ನು ಚೌಡವ್ವ ಬಿಸಿಲಿಗೆ ಬಿಚ್ಚಿದಳು. ಒಳಗಿನ ಸುತ್ತಿನಲ್ಲಿ, ಕೆಂಪು ಸೆರಗಿನ ಮೇಲೆ ಕಂದು ಕಲೆಗಳಿದ್ದವು. ಉಗುಳು ಹಚ್ಚಿ ತಿಕ್ಕಿದಳು.

"ಇದು ಬಣ್ಣ ಅಲ್ಲ. ನಮ್ಮ ಬಣ್ಣ ಬಿಳಚತೈತಿ, ಹಿಂಗ ಕಂದಾಗಂಗಿಲ್ಲ. ಹ್ವಾದ ವಾರದ ನೇಯ್ಗಿ ಇದು."

"ನಾ ನೋಡಿದ್ದೆ, ಅತ್ತಿ," ಎಂದಳು ಬನಶಂಕರೆವ್ವ. "ಬಾಯಿಗೆ ನೂಲಿನ ಬಣ್ಣ ಹತ್ತೇತಿ ಅಂದ್ಕೊಂಡೆ."

ಚೌಡವ್ವ ಅರಿವೆಯನ್ನು ಮೆಲ್ಲಗೆ ಮಡಿಚಿದಳು.

"ನಾನೂ ನೋಡಿದ್ದೆ," ಎಂದಳು. "ಫೌಜದಾರ ಬರೂದು ಬ್ಯಾಡ." ತಂಬಿಗೆಯನ್ನು ಸೊಸೆಯ ಕೈಗೆ ಕೊಟ್ಟಳು.

ಇಬ್ಬರೂ ಸೇರಿ ನೀರು ಹಾಕಿದರು. ಕಲೆಯಾದ ಮಗ್ಗುಲನ್ನು ಎದೆಯ ಕಡೆ ಮಾಡಿ ಅರಿವೆ ಹೊದಿಸಿದರು. ಹೆಣ ಓಣಿಯ ತಿರುವು ದಾಟಿತು.

ನಿನ್ನೆ ಲಾಳಿ ತುಟಿಗಿಟ್ಟಾಗಿನಿಂದ ಬನಶಂಕರೆವ್ವ ಮುಖ ತೊಳೆದಿರಲಿಲ್ಲ. ಚೌಡವ್ವ ಸೊಸೆಯ ಕೆಳತುಟಿಯನ್ನು ಹೆಬ್ಬೆರಳಿನಿಂದ ಒರೆಸಿದಳು. ಕೆಂಪಾದ ಬೆರಳನ್ನು ಬಿಸಿಲಿಗೆ ಹಿಡಿದು, ಅದು ಕಂದಾಗುತ್ತದೆಯೇ ಎಂದು ನೋಡುತ್ತ ನಿಂತಳು.