ಸಂಸೆಯಲ್ಲಿ ಬೀಳದ ಮಳೆ

ಕಳಸಕ್ಕೆ ಇಂಟರ್‌ನೆಟ್ ತಂದವನು ನಾನು. ಅಲ್ಲ ಎನ್ನುವವರಿದ್ದಾರೆ, ಅವರೆಲ್ಲ ನನ್ನ ಅಂಗಡಿಯಲ್ಲೇ ಮೌಸ್ ಹಿಡಿಯಲು ಕಲಿತವರು. 2001ರಲ್ಲಿ ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಒಂದೇ ಒಂದು ಕಂಪ್ಯೂಟರನ್ನು ಫೋನ್ ಲೈನಿಗೆ ಸಿಕ್ಕಿಸಿದಾಗ ಮೋಡೆಮ್ ಕೂಗಿದ ಸದ್ದಿಗೆ ಕುದುರೆಮುಖದ ಕಾಡುಕೋಣಗಳೆಲ್ಲ ಗುಡ್ಡ ಹತ್ತಿದವು. ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಗಿರಾಕಿಗಳು ಕೆಳಗಿಳಿದು ಊಟ ಮುಗಿಸಿ, ಕ್ಷೌರವನ್ನೂ ಮಾಡಿಸಿಕೊಂಡು ಬರುತ್ತಿದ್ದರು.

ನನ್ನ ಹೆಸರು ಹಬ್ಬಿದ್ದು ಮಾತ್ರ ಹೂಮಳೆಯ ಪುಟದಿಂದ. ಮಾರ್ಚಿನ ಮೊದಲ ಮಳೆಗೆ ಕಾಫಿ ಹೂವಾಗುತ್ತದೆ. ನೂರು ಸೆಂಟ್, ಅಂದರೆ ಒಂದು ಇಂಚು ಬಿದ್ದರೆ ಬೆಳೆಗಾರ ಮೀಸೆ ತಿರುವುತ್ತಾನೆ. ಹತ್ತೋ ಹದಿನೈದೋ ಸೆಂಟ್ ಬಿದ್ದು ನಿಂತರೆ ಮೊಗ್ಗು ಅರ್ಧ ಎಚ್ಚರಗೊಂಡು ಕರಟಿಹೋಗುತ್ತದೆ. ಹಾಗಾಗದಂತೆ ಕೂಡಲೇ ಸ್ಪ್ರಿಂಕ್ಲರ್ ಹಾಕಿ ನೀರು ಚಿಮ್ಮಿಸಬೇಕು. ಹಾಗಾಗಿ ಎಸ್ಟೇಟುಗಳ ರೈಟರುಗಳು, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ನನಗೆ ಫೋನ್ ಮಾಡುತ್ತಿದ್ದರು. ನಾನು ಅವರ ಹೆಸರಿನ ಸಮೇತ ಪುಟಕ್ಕೆ ಏರಿಸುತ್ತಿದ್ದೆ. ಬ್ರೆಜಿಲ್ಲಿನ ಬೆಳೆಗಾರರು ಅದನ್ನು ನೋಡಿ ನಿದ್ದೆಗೆಟ್ಟಿದ್ದರು ಎಂದು ನನ್ನ ಅಂದಾಜು.

2003ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಪಕ್ಕದ ಊರು ಸಂಸೆಯ ಫೋನ್ ಲೈನು ಸತ್ತಿತ್ತು. ಅಲ್ಲಿಯ ತೋಟದ ರೈಟರ್ ಗುರುವಯ್ಯನವರ ಫೋನ್ ಬರಲಿಲ್ಲ. ಅದೇ ದಿನ ಚಿಕ್ಕಮಗಳೂರಿನ ಕಂಪನಿಯೊಂದು ನನ್ನ ಪುಟ ನೋಡಿ, ನನಗೆ ಕೆಲಸ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವುದಿತ್ತು. ಪುಟದಲ್ಲಿ ಆ ಖಾಲಿ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಹಿಂದಿನ ಸಂಜೆ ಸಂಸೆಯ ಕಡೆ ಮೋಡ ಕಪ್ಪಾಗಿದ್ದುದನ್ನು ಕಣ್ಣಾರೆ ಕಂಡಿದ್ದೆ. ‘ಸಂಸೆ: ಒಂದು ಇಂಚು ಇಪ್ಪತ್ತು ಸೆಂಟ್. ವರದಿ: ಗುರುವಯ್ಯ’ ಎಂದು ಬರೆದುಬಿಟ್ಟೆ.

ಮಳೆಯ ವಿಷಯದಲ್ಲಿ ನಮ್ಮ ಕಡೆ ಸುಳ್ಳು ಹೇಳದವರು ಯಾರು? ಅರ್ಧ ಇಂಚು ಬಿದ್ದರೆ ಒಂದು ಎನ್ನುತ್ತಾರೆ, ಕೇಳಿದವರು ಅರ್ಧ ಮುರಿದುಕೊಂಡೇ ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಕಂಡದ್ದನ್ನು ಯಾರೂ ಮುರಿದುಕೊಳ್ಳುವುದಿಲ್ಲ ಎಂಬುದು, ಅದನ್ನು ಊರಿಗೆ ತಂದ ಮಹಾಬುದ್ಧಿವಂತನಿಗೆ ಹೊಳೆಯಲಿಲ್ಲ.

ಆ ತೋಟದ ಮಾಲೀಕ ಹರ್ಷವರ್ಧನ ಚಿಕ್ಕಮಗಳೂರಿನ ಮನೆಯಲ್ಲಿ ಕೂತು ಪುಟ ನೋಡಿದರು. ಮಳೆ ಸಾಕಾಯಿತೆಂದು ಜೀಪು ಕಳಿಸಿ, ಸ್ಪ್ರಿಂಕ್ಲರ್ ಪಂಪನ್ನು ದೇವರಮನೆ ಗುಡ್ಡದ ಕಡೆಯ ತಮ್ಮ ಇನ್ನೊಂದು ತೋಟಕ್ಕೆ ಸಾಗಿಸಿದರು. ಸಂಸೆಯಲ್ಲಿ ಬಿದ್ದಿದ್ದು ಹದಿನೈದು ಸೆಂಟ್. ಗುರುವಯ್ಯನವರು ಜೀಪಿಗೆ ಅಡ್ಡ ನಿಂತರಂತೆ. “ನೀವೇ ಕಂಪ್ಯೂಟರಿಗೆ ಹೇಳಿ ಈಗ ಇದೆಂತ ನಾಟ್ಕ?” ಎಂದನಂತೆ ಡ್ರೈವರ್. ಹತ್ತು ದಿನದಲ್ಲಿ ಮೊಗ್ಗು ಕರಟಿತು.

ಹರ್ಷವರ್ಧನ ಗುರುವಯ್ಯನವರನ್ನು ಕರೆದುಕೊಂಡೇ ನನ್ನ ಮಹಡಿ ಹತ್ತಿದರು.

“ಅವತ್ತು ಇವ್ರು ನಿಂಗೆ ಫೋನ್ ಮಾಡಿದ್ರಾ, ಇಲ್ವಾ? ಅಷ್ಟೇ ಹೇಳು.”

“ಲೈನೇ ಇರ್ಲಿಲ್ಲ ಅಂತ ಹೇಳು ಮಾರಾಯ,” ಎಂದರು ಗುರುವಯ್ಯ, ನಗುತ್ತಲೇ. ನಾನು ನಿಜ ಹೇಳುತ್ತೇನೆಂಬ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

ಕಂಪನಿಯ ಕಾಗದ ಹಿಂದಿನ ದಿನವಷ್ಟೇ ಕೈಸೇರಿತ್ತು. ಸುಳ್ಳು ವರದಿ ಹಾಕಿದವನೆಂದು ಗೊತ್ತಾದರೆ ಆ ಕೆಲಸ ಉಳಿಯುತ್ತಿರಲಿಲ್ಲ.

“ಮಾಡಿದ್ರು ಸಾವ್ಕಾರ್ರೇ,” ಎಂದೆ.

ಗುರುವಯ್ಯನವರ ನಗು ಕೂಡಲೇ ಮಾಯವಾಗಲಿಲ್ಲ. ಇನ್ನೇನೋ ಹೇಳುತ್ತಾನೆಂದು ಅವರು ಕಾಯುತ್ತಿದ್ದರು. ನಾನು ಕೀಬೋರ್ಡಿನ ಧೂಳು ಒರೆಸಿದೆ. ಅವರ ಇಪ್ಪತ್ತೆರಡು ವರ್ಷದ ಕೆಲಸ ಆ ಸಂಜೆಯೇ ಹೋಯಿತು. ನಾನು ಚಿಕ್ಕಮಗಳೂರಿಗೆ ಹೋದೆ, ದೊಡ್ಡ ಮನುಷ್ಯನಾದೆ.

2009ರಲ್ಲಿ ಮೂಡಿಗೆರೆಯ ಒಂದು ಕಾಲೇಜಿನವರು, ಮುಂದೆ ಯಾವ ಕೆಲಸ ಹಿಡಿಯಬೇಕೆಂದು ಮಕ್ಕಳಿಗೆ ಹೇಳಲು ನನ್ನನ್ನು ಕರೆದರು. ಎರಡು ಗಂಟೆ ಕೊಚ್ಚಿದೆ. ಕೊನೆಗೆ ರಕ್ಷಾ ಎಂಬ ಹುಡುಗಿ ಎದ್ದು ನಿಂತಳು. “ಸರ್, ನೆಟ್ಟಲ್ಲಿ ನೀವು ತಪ್ಪು ಹಾಕಿದ್ದು ಯಾವ್ದಾದ್ರೂ ಇದ್ಯಾ? ಆಮೇಲೆ ಎಂತ ಮಾಡಿದ್ರಿ?”

“ಒಂದೂ ಇಲ್ಲಮ್ಮ,” ಎಂದೆ. ಚಪ್ಪಾಳೆ ಬಿತ್ತು. ಹೊದಿಸಿದ ಶಾಲು ಕುತ್ತಿಗೆಗೆ ಚುಚ್ಚತೊಡಗಿತು.

ಕೆಲಸ ಹೋದ ಮೇಲೆ ಗುರುವಯ್ಯನವರು ಅದೇ ಊರಿನಲ್ಲಿದ್ದರು. ಕೇಳಿಕೊಂಡು ಹೋದೆ. ಬಾಗಿಲು ತೆಗೆದ ಅವರ ಹೆಂಡತಿ ಸರ್ವಮಂಗಳಾ ನನ್ನ ಗುರುತು ಹಿಡಿದರು, ಒಳಗೆ ಬಾ ಎನ್ನಲಿಲ್ಲ. ಗುರುವಯ್ಯನವರು ಬಾಗಿಲಿಗೆ ಬಂದ ಮೇಲೆ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ.

“ನಂಗೆ ಗೊತ್ತಿಲ್ದೇ ಇದ್ದಿದ್ದಾ ಇದು?” ಎಂದರು ಗುರುವಯ್ಯ. “ಇದನ್ನ ನನ್ನ ಹತ್ರ ಹೇಳಿ ಎಂತ ಪ್ರಯೋಜ್ನ? ಸುಳ್ಳು ಲೆಕ್ಕದ ರೈಟರ್ ಅಂತ ಆರು ವರ್ಷದಿಂದ ಒಂದು ತೋಟದವ್ರೂ ಕೆಲ್ಸಕ್ಕೆ ಸೇರಿಸ್ಕೊಂಡಿಲ್ಲ. ಹೇಳೋದಾದ್ರೆ ಸಾವ್ಕಾರ್ರ ಹತ್ರ ಹೇಳು. ನನ್ನ ಎದುರಿಗೇ ಹೇಳು.”

ಮರುದಿನ ಇಬ್ಬರೂ ಚಿಕ್ಕಮಗಳೂರಿಗೆ ಹೋದೆವು. ಹರ್ಷವರ್ಧನ ಕಾಫಿ ತರಿಸಿದರು. ನಾನು ಹೇಳಿ ಮುಗಿಸಿದಾಗ ಅವರ ಲೋಟ ತಣ್ಣಗಾಗಿತ್ತು. “ಆಗಿದ್ದು ಆಗೋಯ್ತು, ಬಿಡಿ,” ಎಂದರು.

ಗುರುವಯ್ಯ ಏಳಲಿಲ್ಲ. “ಗುರುವಯ್ಯ ಸುಳ್ಳು ಹೇಳಿಲ್ಲ ಅಂತ ನಿಮ್ಮ ಬಾಯಲ್ಲಿ ಒಂದ್ಸಲ ಹೇಳಿ ಸಾವ್ಕಾರ್ರೇ.”

ಹರ್ಷವರ್ಧನ ಒಮ್ಮೆ ನನ್ನನ್ನು ನೋಡಿದರು, ಆಮೇಲೆ ಗುರುವಯ್ಯನವರನ್ನು. “ನೀವು ಸುಳ್ಳು ಹೇಳಿರ್ಲಿಲ್ಲ ಗುರುವಯ್ಯ.”

ಅವರನ್ನು ಮನೆಗೆ ಬಿಟ್ಟುಬರಲು ನಾನೂ ಹತ್ತಿದ ಸಂಜೆಯ ಬಸ್ಸಿನಲ್ಲಿ ಗುರುವಯ್ಯನವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದ ಜಾಗ ಖಾಲಿ ಇತ್ತು. ನಾನು ಕೂರಲು ಬಗ್ಗುವಷ್ಟರಲ್ಲಿ ಅವರು ಕೈಚೀಲವನ್ನು ಅಲ್ಲಿಟ್ಟು ಹೊರಗೆ ನೋಡತೊಡಗಿದರು. ಮೂಡಿಗೆರೆಯವರೆಗೆ ನಿಂತೇ ಬಂದೆ. ಮೂವತ್ತು ಕಿಲೋಮೀಟರು, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ.